ಲೋಳೆಸರಕ್ಕೆ ಅರಿಶಿನ ಕಲಸಿ ಗಾಯಕ್ಕೆ ಹಚ್ಚಬಹುದಾ?

ಪ್ರಶ್ನೆ: ಅಮ್ಮನಿಗೆ 62 ವರ್ಷ, ಶುಗರ್ ಇದೆ. ಅಂಗಾಲಿನ ಗಾಯ ಮೂರು ವಾರವಾದರೂ ಮಾಯ್ದಿಲ್ಲ. ಗಿಡಮೂಲಿಕೆ ಸಾರ ಸೇರಿಸಿದ ಹೈಡ್ರೋಜೆಲ್ ಹಚ್ಚಿದರೆ ಬೇಗ ಮಾಯುತ್ತದೆ ಎಂದು ಓದಿದೆ. ಹಿತ್ತಲಲ್ಲಿ ಲೋಳೆಸರ ಇದೆ, ಅದಕ್ಕೆ ಅರಿಶಿನ ಕಲಸಿ ಹಚ್ಚಲಾ?

ಉತ್ತರ: ಬೇಡ. ನಾಳೆಯೇ ಡಾಕ್ಟರಿಗೆ ತೋರಿಸಿ, ಉಳಿದದ್ದನ್ನು ಆಮೇಲೆ ಓದಿದರೂ ಸರಿ. ಶುಗರ್ ಇದ್ದವರಿಗೆ ಪಾದದ ನೋವೇ ಗೊತ್ತಾಗದೆ ಇರಬಹುದು, ಮೇಲೆ ಸಣ್ಣದಾಗಿ ಕಂಡ ಗಾಯ ಒಳಗೆ ಮೂಳೆವರೆಗೂ ಹೋಗಿರಬಹುದು.

ಈಗ ಜೆಲ್ ವಿಷಯ. ಹೈಡ್ರೋಜೆಲ್ ಅಂದರೆ ನೀರು ಹಿಡಿದಿಟ್ಟುಕೊಂಡ ಬಲೆ. ಬಲೆಯ ಎಳೆ ಸಿಗಡಿ, ಏಡಿ ಚಿಪ್ಪಿನ ಕೈಟೋಸಾನ್ ಇರಬಹುದು, ಕಡಲಪಾಚಿಯ ಆಲ್ಜಿನೇಟ್ ಇರಬಹುದು. ಗಾಯ ಒಣಗಿ ಹಕ್ಕಳೆ ಕಟ್ಟಿದರೇ ಒಳ್ಳೇದು ಅಂತ ಎಲ್ಲರೂ ನಂಬಿದ್ದರು ಅಲ್ವಾ, 1962ರಲ್ಲಿ ಜಾರ್ಜ್ ವಿಂಟರ್ ಅನ್ನೋ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ ನೋಡಿದಾಗ ತೇವ ಉಳಿಸಿದ ಗಾಯದ ಮೇಲೆಯೇ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಜೆಲ್ ಕೂಡ ಗಾಯದ ತೇವ ಉಳಿಸುತ್ತದೆ, ಅಂದರೆ ಗಿಡದ ಸಾರ ಇಲ್ಲದ ಬರೀ ಜೆಲ್ಲೂ ಕೆಲಸ ಮಾಡುತ್ತದೆ. ಹಾಗಾಗಿ ಇಂಥ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಒಂದೇ: ಹೋಲಿಸಿದ್ದು ಬರೀ ಜೆಲ್ ಜೊತೆಗಾ, ಇಲ್ಲ ಒಣ ಬಟ್ಟೆ ಜೊತೆಗಾ?

ಇನ್ನೊಂದು, ಹೆಚ್ಚಿನ ಪ್ರಯೋಗಗಳು ಇಲಿಗಳ ಮೇಲೆ ಆಗಿರುತ್ತವೆ. ಇಲಿಯ ಚರ್ಮದ ಕೆಳಗೆ ತೆಳ್ಳಗಿನ ಸ್ನಾಯು ಪದರ ಇದೆ, ಅದು ಚೀಲದ ಬಾಯಿಯ ದಾರ ಎಳೆದ ಹಾಗೆ ಗಾಯದ ಅಂಚುಗಳನ್ನು ಒಟ್ಟಿಗೆ ತರುತ್ತದೆ. ನಮ್ಮ ಗಾಯ ಹಾಗೆ ಮುಚ್ಚಿಕೊಳ್ಳುವುದು ಕಡಿಮೆ, ತಳದಿಂದ ತುಂಬಿಕೊಂಡು ಬರಬೇಕು.

ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನೋ ಅಂಶ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಲ್ಯಾಬಿನವರು ಅದನ್ನು ಅತಿ ಸಣ್ಣ ಕಣಗಳೊಳಗೆ ತುಂಬಿ ಜೆಲ್‌ಗೆ ಸೇರಿಸುತ್ತಾರೆ, ಆಗ ನಿಧಾನವಾಗಿ ಹೊರಬರುತ್ತದೆ. ಅಡುಗೆಮನೆ ಪುಡಿ ಹಾಕಿದರೆ ಗಾಯದಲ್ಲಿ ಸುಮ್ನೆ ಪುಡಿ ಉಳಿಯುತ್ತದೆ, ಜೊತೆಗೆ ಅದರಲ್ಲಿರುವ ರೋಗಾಣುಗಳೂ. ಲೋಳೆಸರದ ಸಿಪ್ಪೆಯಡಿಯ ಹಳದಿ ರಸಕ್ಕೆ ಕೆಲವರ ಚರ್ಮ ಕೆರಳುತ್ತದೆ.

"ಅರಿಶಿನದ ಪೇಟೆಂಟೇ ಗೆದ್ದಿದ್ದೇವಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೌದು, ಗಾಯಕ್ಕೆ ಅರಿಶಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 1997ರಲ್ಲಿ ರದ್ದು ಮಾಡಿಸಿತು. ಅಲ್ಲಿ ಸಾಬೀತಾದದ್ದು ಈ ಬಳಕೆ ಹೊಸದಲ್ಲ ಅಂತ, ಶುಗರ್ ಗಾಯ ಮಾಯುತ್ತದೆ ಅಂತಲ್ಲ.

ಸಾದಾ ಹೈಡ್ರೋಜೆಲ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಒಣಗಿದ ಗಾಯಕ್ಕೆ ಅದು ಸರಿ, ಕೀವು ನೀರು ಜಾಸ್ತಿ ಸೋರುತ್ತಿದ್ದರೆ ಅಲ್ಲ. ಅಮ್ಮನದು ಯಾವುದು ಅಂತ ಡಾಕ್ಟರೇ ಹೇಳಲಿ. ನಡೆಯುವಾಗ ಅಂಗಾಲಿನ ಆ ಜಾಗಕ್ಕೆ ಭಾರ ಬೀಳದ ಹಾಗೆ ಯಾವ ಚಪ್ಪಲಿ ಹಾಕಬೇಕು ಅಂತಲೂ ಕೇಳಿ, ಅದನ್ನು ಮರೆತರೆ ಯಾವ ಜೆಲ್ ಹಚ್ಚಿದರೂ ಗಾಯ ಮತ್ತೆ ಮತ್ತೆ ಒಡೆಯುತ್ತಲೇ ಇರುತ್ತದೆ.