ಆನ್‌ಲೈನ್ ಪಾಠಗಳ ವೇದಿಕೆಯಾದ ಮೂಡಲ್‌ನ ಕೋರ್ಸ್ ಪುಟದೊಳಗೆ ಬೇರೆ ಜಾಲತಾಣವನ್ನು ಕೂರಿಸಿದರೆ ಖಾಲಿ ಚೌಕ ಬರುವುದೇಕೆ?

ಒಂದು ಪುಟದೊಳಗೆ ಇನ್ನೊಂದನ್ನು ತೋರಿಸುವ ನಿಮ್ಮ ಐಫ್ರೇಮ್ ಕೋಡ್ ಬಹುಶಃ ಸರಿಯಾಗಿಯೇ ಇದೆ. ಒಲ್ಲೆ ಎನ್ನುತ್ತಿರುವುದು ಆ ಜಾಲತಾಣ. ಪುಟದ ಜೊತೆಗೆ ಅದರ ಸರ್ವರ್ ‘ಎಕ್ಸ್-ಫ್ರೇಮ್-ಆಪ್ಷನ್ಸ್’ ಅಥವಾ ‘ಫ್ರೇಮ್-ಆನ್ಸೆಸ್ಟರ್ಸ್’ ಎಂಬ ಸೂಚನೆಯನ್ನು ಕಳುಹಿಸಿದ್ದರೆ, ಬೇರೆಯವರ ಚೌಕಟ್ಟಿನೊಳಗೆ ಅದನ್ನು ತೋರಿಸಲು ಬ್ರೌಸರ್ ನಿರಾಕರಿಸುತ್ತದೆ. ಗೂಗಲ್ ಮುಖಪುಟವನ್ನು ಕೂರಿಸಿ ನೋಡಿ, ಇದೇ ಗತಿ. ಇದು ಜಿಪುಣತನವಲ್ಲ. ಆಮಿಷದ ಗುಂಡಿಯೊಂದರ ಮೇಲೆ ಬ್ಯಾಂಕಿನ ಪುಟವನ್ನು ಕಣ್ಣಿಗೆ ಕಾಣದಂತೆ ಹೊದಿಸಿ, ನಿಮ್ಮ ಕೈಯಿಂದಲೇ ‘ಹಣ ಕಳುಹಿಸು’ ಒತ್ತಿಸುವ ವಂಚನೆಯನ್ನು ತಡೆಯಲು ಮಾಡಿದ ಏರ್ಪಾಡು. ಮೂಡಲ್‌ನ ಸೆಟ್ಟಿಂಗ್ ಎಷ್ಟು ತಿರುವಿದರೂ ಇದು ಬದಲಾಗದು.

ಇನ್ನೊಂದು ಕಾರಣವೂ ಇರಬಹುದು: ನಿಮ್ಮ ಮೂಡಲ್ ಸುರಕ್ಷಿತ ಸಂಪರ್ಕವಾದ ‘ಎಚ್‌ಟಿಟಿಪಿಎಸ್’ನಲ್ಲಿದ್ದು, ಒಳಗೆ ಹಾಕಿದ ವಿಳಾಸ ಬರೀ ‘ಎಚ್‌ಟಿಟಿಪಿ’ ಆಗಿದ್ದರೂ ಬ್ರೌಸರ್ ತಡೆಯುತ್ತದೆ.

ಕೂರಿಸಲೆಂದೇ ಕೊಟ್ಟ ಕೊಂಡಿ ಇದ್ದರೆ ಅದನ್ನೇ ಬಳಸಿ. ಯೂಟ್ಯೂಬ್‌ನಲ್ಲಿ ‘ವಾಚ್’ ಇರುವ ವಿಳಾಸ ನಡೆಯುವುದಿಲ್ಲ, ‘ಎಂಬೆಡ್’ ಇರುವುದು ನಡೆಯುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಎಂಬ, ಪರದೆಯ ಮೇಲೇ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳಿಗೂ ಇಂಥ ಕೋಡ್ ಸಿಗುತ್ತದೆ. ಕೆಲವು ಕನ್ನಡದಲ್ಲೇ ಇವೆ, ಮೇಷ್ಟರುಗಳು ಇವನ್ನು ಇನ್ನಷ್ಟು ಬಳಸಬೇಕು.

ಉಳಿದ ತಾಣಗಳಿಗೆ ಮೂಡಲ್‌ನ ‘ಯುಆರ್‌ಎಲ್’ ಸಂಪನ್ಮೂಲವನ್ನು ಸೇರಿಸಿ, ಹೊಸ ಕಿಟಕಿಯಲ್ಲಿ ತೆರೆಯುವಂತೆ ಮಾಡಿ. ಲಾಗಿನ್ ಬೇಡುವ ತಾಣಗಳಿಗಂತೂ ಇದೇ ಮೇಲು: ಸಫಾರಿಯಂಥ ಬ್ರೌಸರ್‌ಗಳು ಚೌಕಟ್ಟಿನೊಳಗಿನ ಹೊರತಾಣದ ಕುಕಿಗಳನ್ನು (ಲಾಗಿನ್ ನೆನಪಿಡುವ ಪುಟ್ಟ ಮಾಹಿತಿ ತುಣುಕುಗಳನ್ನು) ತಡೆಯುವುದರಿಂದ ವಿದ್ಯಾರ್ಥಿ ಲಾಗಿನ್ ಆದರೂ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲಬಹುದು. ಮೊಬೈಲ್ ಪರದೆಯಲ್ಲಿ ಎರಡೆರಡು ಸ್ಕ್ರೋಲ್ ಪಟ್ಟಿಗಳ ಕಾಟವೂ ತಪ್ಪುತ್ತದೆ.