ಡ್ರಿಪ್ ಹಾಕಿದ ಮೇಲೂ ಬೋರ್ ಬತ್ತುವುದು ಯಾಕೆ?

ಪ್ರಶ್ನೆ: ಕೋಲಾರದ ಕಡೆ ನಮ್ಮ ಜಮೀನು. ಒಂದು ಎಕರೆ ಟೊಮೆಟೊಗೆ ಡ್ರಿಪ್ ಹಾಕಿಸಿದೆ. ನೀರು ಉಳಿಯಿತು ಅಂತ ಇನ್ನರ್ಧ ಎಕರೆಗೂ ಹಾಕಿಸಿದೆ. ಈಗ ಬೋರ್ ಮೊದಲಿಗಿಂತ ಬೇಗ ಬತ್ತುತ್ತಿದೆ. ಉಳಿದ ನೀರು ಎಲ್ಲಿ ಹೋಯಿತು?

ಉತ್ತರ: ಆ ಇನ್ನರ್ಧ ಎಕರೆಗೆ ಹೋಯಿತು. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಅಲ್ವಾ? ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಈ ಸಲ ಲೆಕ್ಕ ಹಾಕಿಯೇ ಬಿಡೋಣ. ಅಂಕಿಗಳು ಅಂದಾಜಿನವು.

ಮಳೆ ಅಳೆಯುವ ಹಾಗೆ ನೀರನ್ನೂ ಮಿ.ಮೀ.ನಲ್ಲಿ ಅಳೆಯೋಣ, ಅಂದರೆ ಒಂದು ಎಕರೆಯ ಮೇಲೆ ಹರಡಿದರೆ ಎಷ್ಟು ಎತ್ತರ ನಿಲ್ಲುತ್ತದೆ ಅಂತ. ಸಾಲಿಗೆ ನೀರು ಹಾಯಿಸುವಾಗ ಒಂದು ಎಕರೆಗೆ 700 ಮಿ.ಮೀ. ಎತ್ತುತ್ತಿದ್ದಿರಿ ಅನ್ನಿ. ಗಿಡ, ಬಿಸಿಲು ಸೇರಿ 500 ಕುಡಿದವು. ಮಿಕ್ಕ 200 ಮತ್ತೆ ನೆಲಕ್ಕೆ ಇಂಗಿತು. ಡ್ರಿಪ್‌ನಲ್ಲಿ ಎತ್ತುವುದು 450, ಇಂಗುವುದು ಹೆಚ್ಚುಕಮ್ಮಿ ಸೊನ್ನೆ. ಒಂದೂವರೆ ಎಕರೆಗೆ ಅದರ ಒಂದೂವರೆ ಪಟ್ಟು, 675 ಆಯಿತು. ಪಂಪು ಎತ್ತಿದ್ದು 700ರಿಂದ 675ಕ್ಕೆ ಇಳಿಯಿತು. ಆದರೆ ನೆಲದಿಂದ ಹೋದದ್ದು 500ರಿಂದ 675ಕ್ಕೆ ಏರಿತು.

ಆ 175 ಮಿ.ಮೀ. ಏನು ಮಹಾ ಅನ್ನಬೇಡಿ. ನಮ್ಮ ಗ್ರಾನೈಟ್ ಬಂಡೆಯಲ್ಲಿ ಕೈಗೆ ಸಿಗುವ ನೀರು 100ಕ್ಕೆ 2 ಪಾಲು ಇದ್ದರೆ ಅದೃಷ್ಟ. ಒಂದು ಎಕರೆಯ ಅಡಿಯಿಂದಲೇ ಅಷ್ಟು ತೆಗೆದರೆ ಮಟ್ಟ ಸುಮಾರು 29 ಅಡಿ ಇಳಿಯಬೇಕು. ಅಷ್ಟು ಇಳಿಯುವುದಿಲ್ಲ, ಯಾಕಂದ್ರೆ ಪಕ್ಕದವರ ಕಡೆಯಿಂದಲೂ ನೀರು ಹರಿದು ಬರುತ್ತದೆ. ಅವರೂ ಡ್ರಿಪ್ ಹಾಕಿಸಿ ಇನ್ನರ್ಧ ಎಕರೆ ಮಾಡಿದ್ದಾರೆ!

ಅಂತರ್ಜಲದ ಮಾಡೆಲ್ ಮಾಡುವುದು, ಅಂದರೆ ನೆಲದಡಿಯ ನೀರಿನ ಮಟ್ಟ ಹೇಗೆ ಏರಿಳಿಯುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಮೊದಮೊದಲು ನಾನೂ ರೈತರನ್ನು ಬದಲಾಗದ ಒಂದು ಅಂಕಿಯಾಗಿ ಬರೆದಿದ್ದೆ. ಇಷ್ಟು ಎಕರೆ, ಇಷ್ಟು ನೀರು. ಒಳ್ಳೆ ಮಳೆಯ ವರ್ಷ ಮಟ್ಟ ಚೆನ್ನಾಗಿ ಏರುತ್ತಿತ್ತು, ಕಂಪ್ಯೂಟರ್‌ನಲ್ಲಿ ಮಾತ್ರ. ಊರಲ್ಲಿ ನೀರು ಕಂಡ ಕೂಡಲೇ ರಾಗಿ ಹೋಗಿ ಟೊಮೆಟೊ ಬರುತ್ತದೆ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಉಚಿತ, ಹಾಗಾಗಿ ನೀರು ಆಳಕ್ಕೆ ಹೋದರೂ ಬಿಲ್ಲು ಎಚ್ಚರಿಸುವುದಿಲ್ಲ. ಆಟೋ ಸ್ಟಾರ್ಟರ್ ಇದ್ದರಂತೂ ಕರೆಂಟು ಬಂದಾಗಲೆಲ್ಲ ಪಂಪು ಓಡುತ್ತದೆ, ಬೇಕಿರಲಿ ಬಿಡಲಿ. ಈಗ ಮಾಡೆಲ್‌ನಲ್ಲಿ ಪ್ರತಿ ಬೆಳೆಗೂ ಮೊದಲು ರೈತರ ತೀರ್ಮಾನ ಸೇರಿಸುತ್ತೇನೆ. ಬೋರ್ ಎಷ್ಟು ಕೊಡುತ್ತಿದೆ, ಹೋದ ಸಲ ಬೆಲೆ ಏನಿತ್ತು, ಪಕ್ಕದವರು ಏನು ಹಾಕಿದರು. ಅದರಿಂದ ಎಕರೆ, ಎಕರೆಯಿಂದ ನೀರಿನ ಮಟ್ಟ, ಮಟ್ಟದಿಂದ ಮತ್ತೆ ಮುಂದಿನ ತೀರ್ಮಾನ.

ಹಾಗಾಗಿ ಡ್ರಿಪ್ ಇರಲಿ, ಆ ಅರ್ಧ ಎಕರೆಗೆ ಮಳೆಯಾಶ್ರಿತ ರಾಗಿ ಹಾಕಿ. ನೀವೊಬ್ಬರೇ ಬಿಟ್ಟರೆ ಪಕ್ಕದವರು ಎತ್ತುತ್ತಾರೆ ಅನ್ನುವ ಮಾತು ಸುಳ್ಳಲ್ಲ. ಆಂಧ್ರದ ಬರದ ಊರುಗಳಲ್ಲಿ ರೈತರೇ ಬೋರ್‌ಗಳ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಒಟ್ಟಿಗೆ ಕೂತು ಯಾವ ಬೆಳೆಗೆ ಎಷ್ಟು ನೀರು ಅಂತ ಲೆಕ್ಕ ಹಾಕಿದ್ದರು. ಯಾರೂ ಯಾರನ್ನೂ ತಡೆಯಲಿಲ್ಲ. ಆದರೆ ಎಷ್ಟು ನೀರಿದೆ ಅಂತ ಎಲ್ಲರಿಗೂ ಗೊತ್ತಿತ್ತು.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತರೆ ಅಲ್ಲಿ ನೀರು ಖಂಡಿತಾನಾ?

ಉತ್ತರ: ಚಟ್ನಿ ಖಂಡಿತ. ಬೋರ್ ಫೇಲ್ ಆದಾಗ ಫೀಸು ವಾಪಸ್ ಕೊಟ್ಟವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ: 1500 ಅಡಿ ಕೊರೆಸಿದರೆ ಹೊಸ ನೀರು ಸಿಗುತ್ತಾ?

ಉತ್ತರ: ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ, ಸಾಲ ಜಾಸ್ತಿ.

ಪ್ರಶ್ನೆ: ನಿಮ್ಮ ಮಾಡೆಲ್ ನೋಡಿ ನನ್ನ ಬೋರ್ ಯಾವ ವರ್ಷ ಬತ್ತುತ್ತದೆ ಹೇಳಿ.

ಉತ್ತರ: ಹೇಳುವುದಿಲ್ಲ. ಮಾಡೆಲ್ ಇಡೀ ಊರಿನ ಲೆಕ್ಕಕ್ಕೆ. ನಿಮ್ಮ ಬೋರ್ ನಿಂತಿರುವುದು ಒಂದೆರಡು ಬಿರುಕಿನ ಮೇಲೆ. ವರ್ಷ ಹೇಳುವವರು ಸಿಕ್ಕರೆ ಅವರಿಗೆ ದುಡ್ಡು ಕೊಡಬೇಡಿ.