ಮಾರುತಿ ಜಿಪ್ಸಿಯ ಸ್ಟಾಕ್ (ಕಂಪನಿಯಿಂದ ಬಂದಂತೇ ಇರುವ) 1.3 ಲೀಟರ್ ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಮಂಡ್ಯದಲ್ಲಿ 1.3 ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಜಿಪ್ಸಿ ಇದೆ. 235/75 ಆರ್15 ಟೈರ್ ಹಾಕಿಸಿದ್ದೀರಿ. ಕೆಸರಲ್ಲಿ, ಏರಲ್ಲಿ ಗಾಡಿ ಎಳೆಯುತ್ತಿಲ್ಲ. ಎಂಜಿನ್ ಬಿಚ್ಚದೆ ಒಂದು ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ (ಎಂಜಿನ್ ಒಳಗೆ ಹೆಚ್ಚು ಗಾಳಿ ತುರುಕುವ ಪಂಪ್) ಕೂರಿಸಿದರೆ ಎಷ್ಟು ಪವರ್ ಸಿಗುತ್ತದೆ, ಎಂಜಿನ್ ತಡೆಯುತ್ತದಾ?

ಕಮ್ಮಿ ಬೂಸ್ಟ್ (ಆ ಪಂಪ್ ಸೇರಿಸುವ ಹೆಚ್ಚುವರಿ ಗಾಳಿಯ ಒತ್ತಡ) ಇಟ್ಟು ಸರಿಯಾಗಿ ಟ್ಯೂನ್ ಮಾಡಿಸಿದರೆ ತಡೆಯುತ್ತದೆ. ಆದರೆ ನಿಮ್ಮ ಗಾಡಿಗೆ ಮೊದಲು ಆಗಬೇಕಾದ ಕೆಲಸ ಅದಲ್ಲ. ಮೈಸೂರಿನಲ್ಲಿ ಪೆಟ್ರೋಲ್ ಎಂಜಿನ್ ಕೆಲಸ ಮಾಡಿಕೊಂಡಿರುವವನು ನಾನು. ಜಿಪ್ಸಿ ಅಂದರೆ ನನಗೆ ಜೀವ. ಒಳ್ಳೆಯ ಎಂಜಿನ್ ಸುಮ್ನೆ ಹಾಳಾಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಎಳೆಯುವುದಿಲ್ಲ ಅನ್ನುವ ನಿಮ್ಮ ದೂರು ನಿಜ. ಈ ಎಂಜಿನ್ 80 ಹೆಚ್‌ಪಿ ಕೊಡುವುದು 6000 ಆರ್‌ಪಿಎಂನಲ್ಲಿ. ಟಾರ್ಕ್ (ತಿರುಗಿಸುವ ಬಲ) 103 ನ್ಯೂಟನ್ ಮೀಟರ್, ಅದೂ 4500ರಲ್ಲಿ. ಗದ್ದೆ ಕೆಸರಲ್ಲಿ, ಕಲ್ಲು ದಾರಿಯಲ್ಲಿ ನೀವು ಓಡಿಸುವುದು 1500ರಿಂದ 2500ರೊಳಗೆ. ಅಂದರೆ ಎಂಜಿನ್‌ನ ಶಕ್ತಿ ಇರುವ ಜಾಗಕ್ಕೆ ನೀವು ಹೋಗುವುದೇ ಇಲ್ಲ. ಜೊತೆಗೆ ಮಂಡ್ಯ, ಮೈಸೂರು ಸಮುದ್ರ ಮಟ್ಟದಿಂದ 700 ಮೀಟರ್ ಆಸುಪಾಸು ಎತ್ತರದಲ್ಲಿವೆ. ಗಾಳಿಯ ಒತ್ತಡ ಇಲ್ಲಿ 0.93 ಬಾರ್ ಅಷ್ಟೆ. ಮಂಗಳೂರಿನಲ್ಲಿ ಓಡುವ ಜಿಪ್ಸಿಗಿಂತ ನಿಮ್ಮದಕ್ಕೆ ಶೇಕಡಾ 7-8ರಷ್ಟು ಗಾಳಿ ಕಮ್ಮಿ. ಊಟಿ ಕಡೆ ಹತ್ತಿದರೆ ಇನ್ನೂ ಕಮ್ಮಿ.

ಇದರ ಮೇಲೆ ಟೈರ್. ಕಂಪನಿ ಕೊಟ್ಟಿದ್ದು 205/70 ಆರ್15, ಅದರ ವ್ಯಾಸ ಸುಮಾರು 668 ಮಿಲಿಮೀಟರ್. ನಿಮ್ಮದು 733. ಚಕ್ರ ಹತ್ತು ಪರ್ಸೆಂಟ್ ದೊಡ್ಡದಾದರೆ ನೆಲದ ಮೇಲೆ ಸಿಗುವ ಎಳೆತ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತದೆ. ಎಲ್ಲ ಗೇರೂ ಉದ್ದವಾದಂತೆ ಲೆಕ್ಕ. ಟೈರ್ ಬದಲಿಸಿದ ಮೇಲೆ ಎಂಜಿನ್ ಬಿದ್ದುಹೋಯಿತು ಅಂತ ಬರುವವರು ತುಂಬಾ ಜನ. ಎಂಜಿನ್‌ಗೆ ಏನೂ ಆಗಿರುವುದಿಲ್ಲ.

ಹಾಗಾಗಿ ಮೊದಲು ಟ್ರಾನ್ಸ್‌ಫರ್ ಕೇಸ್ ನೋಡಿ, ಅಂದರೆ ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ. ಜಿಪ್ಸಿಯಲ್ಲಿ ಅದು ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ. ಬೇರೆಯಾಗಿ ಕೂತಿದೆ, ನಡುವೆ ಒಂದು ಚಿಕ್ಕ ಶಾಫ್ಟ್. ಕೆಲಸ ಮಾಡಲು ಇದಕ್ಕಿಂತ ಅನುಕೂಲ ಬೇಕಾ? ಸ್ಟಾಕ್ ಲೋ ಗೇರ್ 2.268. ಹೊರದೇಶದಲ್ಲಿ ಸಮುರಾಯ್ ಅಂತ ಮಾರಿದ ಇದೇ ಜಾತಿಯ ಗಾಡಿಗೆ 4.16ರ ಗೇರ್ ಸೆಟ್ ಮೊದಲಿಂದಲೂ ಸಿಗುತ್ತಿದೆ. ಭಾಗಿಸಿ ನೋಡಿ: 4ಎಲ್‌ನಲ್ಲಿ (ನಾಲ್ಕೂ ಚಕ್ರ ಎಳೆಯುವ ಲೋ ಗೇರ್) ಚಕ್ರಕ್ಕೆ ಹೋಗುವ ಟಾರ್ಕ್ ಶೇಕಡಾ 83 ಜಾಸ್ತಿ. ಯಾವ ಸೂಪರ್‌ಚಾರ್ಜರ್ ಕೂಡ ಸ್ಟಾಕ್ ಎಂಜಿನ್ ಒಡೆಯದೆ ಇಷ್ಟು ಕೊಡುವುದಿಲ್ಲ. ಕೆಲವು ಸೆಟ್‌ಗಳಲ್ಲಿ ಹೈ ಗೇರ್ ಕೂಡ ಸ್ವಲ್ಪ ಇಳಿದಿರುತ್ತದೆ, ದೊಡ್ಡ ಟೈರ್‌ನಿಂದ ಹೋದದ್ದು ರಸ್ತೆಯಲ್ಲೂ ವಾಪಸ್ ಬರುತ್ತದೆ. ಒಂದು ಎಚ್ಚರ ಬೇಕು. ಅಷ್ಟು ಟಾರ್ಕ್ ಹೋಗುವಾಗ ಚಕ್ರ ಕಲ್ಲಲ್ಲಿ ಸಿಕ್ಕಿಕೊಂಡರೆ ಆಕ್ಸಲ್ ಶಾಫ್ಟ್ ಮುರಿಯುತ್ತದೆ. ಕಾಲು ಹಗುರವಾಗಿರಬೇಕು.

ನಿಮಗೆ ಬೇಕಾಗಿರುವುದು ಕೆಸರು, ಕಲ್ಲು, ನಿಧಾನದ ಏರು ಮಾತ್ರ ಆಗಿದ್ದರೆ ಇಲ್ಲಿಗೆ ಮುಗಿಯಿತು. ಇಲ್ಲ, ನಾಲ್ಕು ಜನ ಕೂತು ಸಾಮಾನು ಹೇರಿಕೊಂಡು ಊಟಿಯ ಕಲ್ಲಟ್ಟಿ ಘಾಟ್ ಹತ್ತುವಾಗಲೂ ಉಸಿರು ಬೇಕು ಅಂದರೆ ಆಗ ಸೂಪರ್‌ಚಾರ್ಜರ್ ಮಾತಿಗೆ ಅರ್ಥ ಇದೆ.

ಎಂಜಿನ್‌ನ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟ್ ಹಾಕಿ ತಿರುಗಿಸುವ ಗಾಳಿ ಪಂಪ್ ಅದು. ಟರ್ಬೊ ಹಾಗೆ ಹೊಗೆಯ ಒತ್ತಡಕ್ಕೆ ಕಾಯುವುದಿಲ್ಲ. ಮೂರು ಬಗೆ ಇವೆ: ರೂಟ್ಸ್, ಟ್ವಿನ್ ಸ್ಕ್ರೂ, ಸೆಂಟ್ರಿಫ್ಯೂಗಲ್. ರೂಟ್ಸ್ ಹೆಸರು ಬಂದದ್ದು ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರಿಂದ. 1860ರ ಹೊತ್ತಿಗೇ ಪೇಟೆಂಟ್ ಆದ ಬ್ಲೋವರ್ ಅದು, ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಕಾರಿನ ಎಂಜಿನ್‌ಗೆ ಬಂದದ್ದು ಎಷ್ಟೋ ವರ್ಷದ ನಂತರ. ಆಫ್‌ರೋಡ್‌ಗೆ ಸೆಂಟ್ರಿಫ್ಯೂಗಲ್ ಬೇಡವೇ ಬೇಡ. ಅದರ ಬೂಸ್ಟ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 6000ದಲ್ಲಿ 6 ಪಿಎಸ್‌ಐ ಒತ್ತಡ ಕೊಡುವುದು 3000ದಲ್ಲಿ ಒಂದೂವರೆ ಕೊಡುತ್ತದೆ. ನಿಮಗೆ ಬೇಕಾದ ಜಾಗದಲ್ಲಿ ಏನೂ ಇಲ್ಲ. ರೂಟ್ಸ್ ಅಥವಾ ಸ್ಕ್ರೂ ಆದರೆ ಪ್ರತಿ ಸುತ್ತಿಗೂ ಇಷ್ಟು ಅಂತ ಗಾಳಿ ತಳ್ಳುತ್ತದೆ. ಐಡಲ್ ಬಿಟ್ಟು ಸ್ವಲ್ಪ ಮೇಲಿಂದಲೇ ಎಳೆತ ಗೊತ್ತಾಗುತ್ತದೆ.

ಸೈಜ್ ಲೆಕ್ಕ ಹೀಗೆ. 1298 ಸಿಸಿ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತುಂಬಿಕೊಳ್ಳುತ್ತದೆ, ಅಂದರೆ ಸುತ್ತಿಗೆ 649 ಸಿಸಿ. ಐಸಿನ್ ಎಎಂಆರ್500 ಅನ್ನುವ ಚಿಕ್ಕ ರೂಟ್ಸ್ ಬ್ಲೋವರ್ ತನ್ನ ಸುತ್ತಿಗೆ 500 ಸಿಸಿ ತಳ್ಳುತ್ತದೆ. 6 ಪಿಎಸ್‌ಐ, ಅಂದರೆ 0.41 ಬಾರ್ ಬೂಸ್ಟ್ ಬೇಕಾದರೆ ನಮ್ಮ ಎತ್ತರದಲ್ಲಿ ಒತ್ತಡ 1.44 ಪಟ್ಟು ಆಗಬೇಕು. ಬ್ಲೋವರ್ ಕ್ರ್ಯಾಂಕ್‌ಗಿಂತ ಹತ್ತಿರ ಹತ್ತಿರ 1.9 ಪಟ್ಟು ವೇಗವಾಗಿ ತಿರುಗಬೇಕು. ಈ ಪುಲ್ಲಿ ಅಳತೆ ನಿಖರವಾಗಿರಬೇಕು, ಬ್ರಾಕೆಟ್ ಅಲುಗಾಡಬಾರದು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಳ್ಳೆಯ ಲೇಥ್ ಕೆಲಸದವರು ಇದ್ದಾರೆ, ಅದು ಕಷ್ಟವಲ್ಲ.

ಕಷ್ಟ ಇರುವುದು ಶಾಖದಲ್ಲಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 35 ಡಿಗ್ರಿ ಗಾಳಿಯನ್ನು 1.44 ಪಟ್ಟು ಒತ್ತಿದರೆ, ರೂಟ್ಸ್ ಬ್ಲೋವರ್‌ನ ದಕ್ಷತೆ ಶೇಕಡಾ 60 ಅಂತ ಹಿಡಿದರೂ, ಹೊರಗೆ ಬರುವುದು 90 ಡಿಗ್ರಿ ದಾಟಿ. ಬಿಸಿ ಗಾಳಿ ಹಗುರ. ಹಾಗಾಗಿ 44 ಪರ್ಸೆಂಟ್ ಹೆಚ್ಚು ಗಾಳಿ ಅಂದುಕೊಂಡದ್ದು ನಿಜದಲ್ಲಿ 22ಕ್ಕೆ ಇಳಿಯುತ್ತದೆ. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ರೇಡಿಯೇಟರ್) ಹಾಕಿ ಅದನ್ನು 55 ಡಿಗ್ರಿಗೆ ತಂದರೆ 35 ಸಿಗುತ್ತದೆ. ಬೆಲ್ಟ್ ತಿರುಗಿಸುವುದಕ್ಕೇ ಮೇಲಿನ ಆರ್‌ಪಿಎಂನಲ್ಲಿ ಐದಾರು ಹೆಚ್‌ಪಿ ಹೋಗುತ್ತದೆ. ಎಲ್ಲ ಕಳೆದು ಕೈಗೆ ಉಳಿಯುವುದು ಶೇಕಡಾ 25-30. ಟಾರ್ಕ್ 130ರ ಹತ್ತಿರ. ಮಾರುತಿ ಜಿಮ್ನಿಯ 1.5 ಎಂಜಿನ್ ಏನೂ ಮಾಡಿಸದೆ 134 ಕೊಡುತ್ತದೆ, ಅದನ್ನೂ ಒಮ್ಮೆ ಯೋಚಿಸಿ.

ಆಫ್‌ರೋಡ್‌ನಲ್ಲಿ ಇಂಟರ್‌ಕೂಲರ್‌ಗೆ ಗಾಳಿಯೇ ಸಿಗುವುದಿಲ್ಲ. ಗಾಡಿ ನಡೆಯುವ ವೇಗದಲ್ಲಿ ಹೋಗುತ್ತಿರುತ್ತದೆ, ಮುಂದೆ ಕೆಸರು ಮೆತ್ತಿಕೊಂಡಿರುತ್ತದೆ, ಹಿಂದೆ ರೇಡಿಯೇಟರ್ ಕುದಿಯುತ್ತಿರುತ್ತದೆ. ಫ್ಯಾನ್ ಇರುವ ಇಂಟರ್‌ಕೂಲರ್, ಇಲ್ಲವೇ ನೀರು ತಿರುಗುವ ಬಗೆ ಬೇಕು. ಬೆಲ್ಟ್‌ಗೂ ಕೆಸರು ನೀರು ಆಗಿಬರುವುದಿಲ್ಲ. ಒದ್ದೆಯಾದರೆ ಜಾರುತ್ತದೆ, ಮರಳು ಸೇರಿದರೆ ಸವೆಯುತ್ತದೆ. ಕೆಆರ್‌ಎಸ್ ಹಿನ್ನೀರಿನ ದಂಡೆಯಲ್ಲಿ ಓಡಿಸುವವರಿಗೆ ಇದು ಗೊತ್ತಿರಬೇಕು. ಕೆಳಗೆ ಒಂದು ಕವರ್ ಹಾಕಿಸಲೇಬೇಕು. ನಮ್ಮ ಕೆಂಪು ಧೂಳು ಇನ್ನೊಂದು ಶತ್ರು. ರೋಟರ್‌ಗಳ ನಡುವಿನ ಸಂದು ಕೂದಲೆಳೆಯಷ್ಟು. ಏರ್ ಫಿಲ್ಟರ್ ಸೋರಿದರೆ ಬ್ಲೋವರ್ ಒಳಗೆಲ್ಲ ಗೀರು ಬೀಳುತ್ತದೆ.

ಈಗ ಎಂಜಿನ್ ತಡೆಯುತ್ತದಾ ಅನ್ನುವುದಕ್ಕೆ ಬರುತ್ತೇನೆ. 6 ಪಿಎಸ್‌ಐ ಬೂಸ್ಟ್‌ಗೆ ಬ್ಲಾಕ್, ಕ್ರ್ಯಾಂಕ್ ಹೆದರುವುದಿಲ್ಲ. ಪಿಸ್ಟನ್ ಕೊಲ್ಲುವುದು ನಾಕಿಂಗ್. ಈ ಎಂಜಿನ್‌ನ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಪ್ರಮಾಣ) ಬೂಸ್ಟ್ ಇಲ್ಲದೆ ಓಡಲಿ ಅಂತ ಇಟ್ಟದ್ದು. ಮೇಲಿಂದ ಬಿಸಿ ಗಾಳಿ ತುರುಕಿದರೆ ಪೆಟ್ರೋಲ್ ಸ್ಪಾರ್ಕ್‌ಗೆ ಕಾಯದೆ ಮೂಲೆಯಲ್ಲಿ ತಾನೇ ಸಿಡಿಯುತ್ತದೆ. ಎರಕದ ಪಿಸ್ಟನ್‌ನಲ್ಲಿ ರಿಂಗ್ ಕೂರುವ ದಂಡೆ ಮೊದಲು ಒಡೆಯುತ್ತದೆ. ಟ್ಯೂನ್ ಮಾಡಿಸದೆ ಬೂಸ್ಟ್ ಹಾಕಿದ ಎಂಜಿನ್‌ನಿಂದ ಹೊರತೆಗೆದ ಅಂಥ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಟ್ಟೆ ಉರಿಯಿತು. ನಾಕಿಂಗ್‌ನ ಕಟಕಟ ಸದ್ದು ಸೈಲೆನ್ಸರ್ ಗಲಾಟೆಯಲ್ಲಿ ಡ್ರೈವರ್‌ಗೆ ಕೇಳಿಸುವುದೂ ಇಲ್ಲ.

ಇದನ್ನು ತಡೆಯುವುದು ಟ್ಯೂನಿಂಗ್ ಒಂದೇ. ಟರ್ಬೊ ಇಲ್ಲದ ಎಂಜಿನ್‌ನ ಮ್ಯಾಪ್ ಸೆನ್ಸರ್ (ಒಳಹೋಗುವ ಗಾಳಿಯ ಒತ್ತಡ ಅಳೆಯುವುದು) ಸಾಮಾನ್ಯವಾಗಿ 1 ಬಾರ್ ದಾಟಿ ಹೆಚ್ಚು ಅಳೆಯುವುದಿಲ್ಲ. ಒಳಗೆ 1.34 ಬಾರ್ ಇದ್ದರೂ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಅದು ಕಾಣುವುದಿಲ್ಲ. ಹಳೆ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ, ಹಳೆ ಲೆಕ್ಕದಲ್ಲೇ ಸ್ಪಾರ್ಕ್ ಕೊಡುತ್ತದೆ. ಅದಕ್ಕೇ 2 ಬಾರ್ ಅಥವಾ 3 ಬಾರ್ ಸೆನ್ಸರ್, ಜೊತೆಗೆ ಬೇರೆ ಇಸಿಯು ಬೇಕು. ಬೂಸ್ಟ್ ಬಂದಾಗ ಟೈಮಿಂಗ್ ಹಿಂದಕ್ಕೆ ಹೋಗಬೇಕು (ಸ್ಪಾರ್ಕ್ ಸ್ವಲ್ಪ ತಡವಾಗಬೇಕು), ಮಿಶ್ರಣ ದಪ್ಪ ಆಗಬೇಕು (ಪೆಟ್ರೋಲ್ ಪಾಲು ಹೆಚ್ಚಬೇಕು). ಶುದ್ಧ ಪೆಟ್ರೋಲ್ ಲೆಕ್ಕದಲ್ಲಿ 11.5-12 ಪಾಲು ಗಾಳಿಗೆ 1 ಪಾಲು ಪೆಟ್ರೋಲ್. ಹೊಗೆ ನೋಡಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಲ್ಲದೆ ಇದನ್ನು ಯಾರೂ ಅಂದಾಜಿನಲ್ಲಿ ಮಾಡಬಾರದು. ಸ್ಪಾರ್ಕ್ ಪ್ಲಗ್ ಒಂದು ಹಂತ ತಣ್ಣನೆಯದು, ಗ್ಯಾಪ್ 0.7 ಮಿಲಿಮೀಟರ್ ಹತ್ತಿರ.

ಪೆಟ್ರೋಲ್ ವಿಷಯ ಮಂಡ್ಯದವರಿಗೆ ಹತ್ತಿರದ್ದು, ಕಬ್ಬಿನಿಂದ ಎಥನಾಲ್ ಆಗುವುದು ನಿಮಗೆ ಗೊತ್ತೇ ಇದೆ ಅಲ್ವಾ. ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಳತೆ) 95 ಇರಬೇಕು, ಹಳೆ ಸಾದಾ ಪೆಟ್ರೋಲ್ 91. ಎಥನಾಲ್ ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಎರಡೂ ಬೂಸ್ಟ್‌ಗೆ ಒಳ್ಳೆಯದು. ಆದರೆ ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಇ20ಗೆ 13.5 ಸಾಕು. ಅಂದರೆ ಅದೇ ಗಾಳಿಗೆ ಇಂಧನ ಶೇಕಡಾ 9ರಷ್ಟು ಜಾಸ್ತಿ ಬೇಕು. ಬೂಸ್ಟ್‌ನಿಂದ ಬರುವ ಹೆಚ್ಚು ಗಾಳಿಯ 35 ಪರ್ಸೆಂಟ್ ಸೇರಿಸಿ. ಸ್ಟಾಕ್ ಇಂಜೆಕ್ಟರ್, ಸ್ಟಾಕ್ ಪಂಪ್ ಮೇಲಿನ ಆರ್‌ಪಿಎಂನಲ್ಲಿ ಸಾಲುವುದಿಲ್ಲ. ಹಳೆ ಜಿಪ್ಸಿಯ ಫ್ಯೂಯಲ್ ಹೋಸ್‌ಗಳೂ ಇ20ಗೆ ಅಂತ ಮಾಡಿದವಲ್ಲ, ಬದಲಿಸಿ.

ಚಿಕ್ಕ ಸಂಗತಿ ಎರಡು. ಬೂಸ್ಟ್ ಬಂದಾಗ ಪಿಸಿವಿ ಪೈಪಿನಿಂದ (ಎಂಜಿನ್ ಕೆಳಭಾಗದ ಆವಿಯನ್ನು ಎಳೆಯುವ ಪೈಪ್) ಒತ್ತಡ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಆಯಿಲ್ ಸೀಲ್ ತಳ್ಳಬಹುದು. ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪೈಪಿಗೂ ಅದೇ ಪಾಡು. ಎರಡಕ್ಕೂ ಒಳ್ಳೆಯ ಒನ್ ವೇ ವಾಲ್ವ್ ಬೇಕು. ಬ್ರೇಕ್ ವಿಷಯ, ಇದರಲ್ಲಿ ಉಳಿತಾಯ ಬೇಡ.

ಕಾನೂನನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಇದನ್ನೇ ಹಿಡಿದುಕೊಳ್ಳಬಹುದು. ಸ್ಪರ್ಧೆಗೆ ಅಂತ ಟ್ರಕ್ ಮೇಲೆ ಹೇರಿಕೊಂಡು ಹೋಗುವ ಗಾಡಿಯಾದರೆ ಬೇರೆ ಮಾತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮೈಸೂರು ರೋಡಲ್ಲಿ ಓಡಿಸುವ ಗಾಡಿಗೆ ಬೇಡ ಅಂತಲೇ ಹೇಳುತ್ತೇನೆ. ಗೇರ್ ಸೆಟ್ ಹಾಕಿಸುವ ಮೊದಲೂ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಯಾವುದಕ್ಕೂ ಕೈ ಹಾಕುವ ಮುಂಚೆ ಎಂಜಿನ್ ಬಿಸಿಯಾದಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರ್ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಬೂಸ್ಟ್ ಮಾತೇ ಬಿಡಿ, ಮೊದಲು ರಿಂಗ್ ಮತ್ತು ವಾಲ್ವ್ ನೋಡಿಸಬೇಕು. ಬಂದ ನಾಲ್ಕು ನಂಬರ್, ಗಾಡಿಯ ವರ್ಷ, ಕ್ಲಚ್ ಪ್ಲೇಟ್ ಯಾವಾಗ ಹಾಕಿಸಿದ್ದು ಅನ್ನುವುದನ್ನು ಇಲ್ಲೇ ಬರೆಯಿರಿ. ನೋಡಿ ಮುಂದಿನದು ಹೇಳುತ್ತೇನೆ.